ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಕಥೆ

ನನ್ನ ಅಂಬಾಸಿಡರ್ 1984ರ ಪೆಟ್ರೋಲ್ ಗಾಡಿ. ಒಳಗಿರುವುದು 1489 ಸಿಸಿಯ ಹಳೇ ಬಿಎಂಸಿ ಎಂಜಿನ್. ಮನೆ ಮಲ್ಪೆಯ ಹತ್ತಿರ, ಹಾಗಾಗಿ ಶೆಡ್ಡಿನೊಳಗೂ ಉಪ್ಪುಗಾಳಿ ಬರುತ್ತದೆ. ಗಾಡಿ ಹೊರಗೆ ಬರುವುದೇ ಅಪರೂಪ. ಹೀಗೆ ನಿಂತ ಗಾಡಿಯಲ್ಲಿ ಮೊದಲು ಕೈಕೊಡುವುದು ಪಾಯಿಂಟ್ಸ್, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್. ಎರಡು ತುದಿಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪದರ ಕೂತರೂ ಸಾಕು, ಸೆಲ್ಫ್ ಹೊಡೆದದ್ದೇ ಬಂತು, ಎಂಜಿನ್ ಹಿಡಿಯುವುದಿಲ್ಲ. ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಬೇಕು, ಎಮರಿ ಪೇಪರಿನಲ್ಲಿ ಉಜ್ಜಬೇಕು, ಸಂದು ಅಳೆಯುವ ಫೀಲರ್ ಗೇಜ್ ಹಾಕಿ 0.015 ಇಂಚಿಗೆ ಗ್ಯಾಪ್ ಇಡಬೇಕು. ಜಡಿಮಳೆಯ ಆಟಿ ತಿಂಗಳಲ್ಲಂತೂ ಇದೇ ಕೆಲಸ.

ಸ್ಟಾರ್ಟಿಂಗ್ ತೊಂದರೆ ಕಣ್ಣಿಗೆ ಕಾಣುತ್ತದೆ. ಕಾಣದೆ ಇರುವ ತೊಂದರೆ ಇನ್ನೊಂದು ಉಂಟು. ಪಾಯಿಂಟ್ಸ್ ತೆರೆದು, ಕಿಡಿಗೆ ಬೇಕಾದ ಹೈವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಕರೆಂಟ್ ಕಡಿದ ಕ್ಷಣಕ್ಕೇ ಪ್ಲಗ್ಗಿನಲ್ಲಿ ಕಿಡಿ ಹಾರುವುದು. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಇದು ಸೆಕೆಂಡಿಗೆ 100 ಸಲ ಆಗಬೇಕು. ಪಾಯಿಂಟ್ಸನ್ನು ತೆರೆಸುವ ತಿರುಗುವ ಕ್ಯಾಮಿಗೆ ಉಜ್ಜಿ ಉಜ್ಜಿ ಪಾಯಿಂಟಿನ ಫೈಬರ್ ಹಿಮ್ಮಡಿ ಸವೆಯುತ್ತದೆ. ಅದು ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಗಾಡಿ ನಿಧಾನಕ್ಕೆ ಮಂಕಾಗುವುದರಿಂದ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ಸೆಕೆಂಡ್ ಗೇರಿಗೆ ಇಳಿಸಿ, "ವಯಸ್ಸಾಯ್ತು ಗಾಡಿಗೆ" ಅಂತ ಹೇಳಿ ಸುಮ್ನಾಗುತ್ತೇವೆ, ಅಲ್ವಾ?

ಪಾಯಿಂಟ್ಸ್ ಬದಲಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ತರಿಸುತ್ತೇನೆ ಅಂದಾಗ ನಮ್ಮ ಹಳೇ ಮೆಕ್ಯಾನಿಕ್‌ಗೆ ಅದು ಅಷ್ಟೇನೂ ಹಿಡಿಸಲಿಲ್ಲ. "ಎಂತಕ್ಕೆ ಮಾರಾಯ್ರೆ? ಪಾಯಿಂಟ್ ಹೋದ್ರೆ ದಾರಿ ಬದಿಯಲ್ಲಿ ನಿಂತು ಉಜ್ಜಿದ್ರೆ ಆಯ್ತು. ನಿಮ್ಮ ಆ ಡಬ್ಬಿ ಹೋದ್ರೆ ಎಂತ ಉಜ್ಜುದು?" ಅಂದರು. ಮಾತು ನಿಜವೇ. ಅದಕ್ಕೆ ನಾನು ಮಾಡಿಕೊಂಡ ಉಪಾಯವನ್ನು ಆಮೇಲೆ ಹೇಳುತ್ತೇನೆ.

ಕಿಟ್ ಅಂದರೆ ದೊಡ್ಡದೇನಲ್ಲ. ಪಾಯಿಂಟ್ಸ್ ಕೂರುವ ಜಾಗಕ್ಕೆ ಒಂದು ಸಣ್ಣ ಮಾಡ್ಯೂಲ್, ಕ್ಯಾಪಿನೊಳಗೆ ತಿರುಗುವ ರೋಟರಿನ ಕೆಳಗೆ ಕ್ಯಾಮಿನ ಮೇಲೆ ಕೂರಿಸುವ ಮ್ಯಾಗ್ನೆಟ್ ರಿಂಗ್, ಎರಡು ವಯರ್. ರಿಂಗಿನ ಮ್ಯಾಗ್ನೆಟ್ ಎದುರಿಗೆ ಬಂದಾಗ ಮಾಡ್ಯೂಲಿನೊಳಗಿನ, ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್‌ಗೆ ಗೊತ್ತಾಗುತ್ತದೆ, ಟ್ರಾನ್ಸಿಸ್ಟರ್ ಕರೆಂಟ್ ಕಡಿಯುತ್ತದೆ. ಒಂದಕ್ಕೊಂದು ತಾಗುವುದಿಲ್ಲ, ಸವೆಯುವುದೂ ಇಲ್ಲ. ನನ್ನದು ಲೂಕಾಸ್ 25ಡಿ ಡಿಸ್ಟ್ರಿಬ್ಯೂಟರ್. ಕಿಟ್ ತರಿಸುವ ಮೊದಲು ನಿಮ್ಮದರ ಮೈಮೇಲೆ ಒತ್ತಿರುವ ನಂಬರ್ ಓದಿಕೊಳ್ಳಿ. ಕಾರಿನ ಹೆಸರು ಹೇಳಿ ತರಿಸಿದರೆ ಸಾಲದು. ಇಷ್ಟು ವರ್ಷದಲ್ಲಿ ಯಾರು ಯಾವುದನ್ನು ಬದಲಿಸಿದ್ದಾರೋ!

ಕಿಟ್ ಬಂದರೂ ಕೂಡಲೇ ಹಾಕಲಿಲ್ಲ. ಮೊದಲು ಡಿಸ್ಟ್ರಿಬ್ಯೂಟರಿನ ಶಾಫ್ಟ್ ಹಿಡಿದು ಅಡ್ಡಕ್ಕೆ ಅಲುಗಿಸಿ ನೋಡಿದೆ. ಆಟ ಇತ್ತು, ಶಾಫ್ಟ್ ಕೂರುವ ಬುಷ್ ಸವೆದಿತ್ತು. ಇಲ್ಲಿ ಆಟ ಇದ್ದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಆಗುತ್ತದೆ. ಮಾಡ್ಯೂಲ್ ಹಾಕಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಹಾಗಾಗಿ ಡಿಸ್ಟ್ರಿಬ್ಯೂಟರನ್ನೇ ಹೊರಗೆ ತೆಗೆದು, ಲೇತ್‌ನವರ ಹತ್ತಿರ ಕಂಚಿನ ಹೊಸ ಬುಷ್ ಮಾಡಿಸಿದೆ. 25ಡಿಯ ಕೆಳತುದಿಯ ಹಲ್ಲು ನಡುವಿನಿಂದ ಸ್ವಲ್ಪ ಸರಿದಿರುವುದರಿಂದ ತಿರುಗಿ ಹಾಕುವಾಗ ಉಲ್ಟಾ ಕೂರುವ ಹೆದರಿಕೆ ಇಲ್ಲ. ಬೇಸ್ ಪ್ಲೇಟಿನ ಕೆಳಗಿರುವ, ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ಅಡ್ವಾನ್ಸ್ ತೂಕಗಳ ಗ್ರೀಸ್ ಒಣಗಿ ಅಂಟಾಗಿತ್ತು. ತೊಳೆದು, ತೆಳ್ಳಗೆ ಎಣ್ಣೆ ಬಿಟ್ಟೆ. ಎಂಜಿನ್ನಿನ ಎಳೆತದಿಂದ ಪ್ಲೇಟ್ ಅಲುಗಿಸುವ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನೋಡಿದೆ. ಪ್ಲೇಟ್ ಅಲುಗಿ, ಹಾಗೇ ನಿಂತಿತು. ಅಲುಗದಿದ್ದರೆ ಡಯಾಫ್ರಮ್ ಹರಿದಿದೆ ಅಂತ ಲೆಕ್ಕ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಡಿಸ್ಟ್ರಿಬ್ಯೂಟರಿನ ಈ ರಿಪೇರಿಯೇ. ಗಾಡಿಯ ಗುಣ ಬದಲಾದದ್ದರಲ್ಲಿ ಅರ್ಧ ಪಾಲು ಇದರದ್ದೇ ಅಂತ ನನ್ನ ಅಂದಾಜು.

ಕರೆಂಟಿನ ವಿಷಯದಲ್ಲಿ ಮೂರು ಕಡೆ ಗಮನ ಬೇಕು. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಗಾಡಿಯ ಮೈಗೆ ಸೇರುವ ಪದ್ಧತಿ ಇತ್ತು. ನನ್ನದರಲ್ಲಿ ನೆಗೆಟಿವ್ ಅರ್ಥ್, ಅಂದರೆ ಮೈಗೆ ಸೇರುವುದು ನೆಗೆಟಿವ್. ಉಲ್ಟಾ ಕೊಟ್ಟರೆ ಮಾಡ್ಯೂಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಎರಡನೆಯದು ಕಾಯಿಲ್. ಮಲ್ಟಿಮೀಟರಿನಲ್ಲಿ ಅದರ ಪ್ರೈಮರಿ ಸುರುಳಿ 3 ಓಮ್ ಆಸುಪಾಸು ತೋರಿಸಿತು, ಕಿಟ್ಟಿನವರು ಕೇಳಿದ್ದೂ ಅಷ್ಟೇ. ಅದಕ್ಕಿಂತ ತೀರಾ ಕಡಿಮೆ ಇರುವ ಕಾಯಿಲ್ ಹಾಕಿದರೆ ಕರೆಂಟ್ ಜಾಸ್ತಿ ಹರಿದು ಮಾಡ್ಯೂಲ್ ಬಿಸಿಯಾಗುತ್ತದೆ. ಮೂರನೆಯದು ಡಿಸ್ಟ್ರಿಬ್ಯೂಟರಿನೊಳಗೆ ಬೇಸ್ ಪ್ಲೇಟಿನಿಂದ ಮೈಗೆ ಹೋಗುವ ಹೆಣೆದ ಸಣ್ಣ ವಯರ್. ಮಾಡ್ಯೂಲಿಗೆ ಅರ್ಥ್ ಸಿಗುವುದು ಅದರಿಂದಲೇ. ನನ್ನದರಲ್ಲಿ ಅದು ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು, ಹೊಸದು ಬೆಸುಗೆ ಹಾಕಿದೆ.

ಆಮೇಲಿನದ್ದು ಸುಲಭ. ಪಾಯಿಂಟ್ಸ್, ಕಂಡೆನ್ಸರ್ ಎರಡನ್ನೂ ತೆಗೆದು ಮಾಡ್ಯೂಲ್ ಕೂರಿಸಿ, ರಿಂಗ್ ಒತ್ತಿ, ರೋಟರ್ ಇಟ್ಟೆ. ಕೆಂಪು ವಯರ್ ಕಾಯಿಲ್‌ನ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ರಿಂಗಿನಿಂದ ರೋಟರ್ ಸ್ವಲ್ಪ ಮೇಲೆ ಬರುತ್ತದೆ. ಕ್ಯಾಪಿಗೆ ತಾಗುತ್ತದೋ ಅಂತ ಎಂಜಿನನ್ನು ಕೈಯಲ್ಲಿ ತಿರುಗಿಸಿ ನೋಡಿಕೊಳ್ಳಬೇಕು. ಬರೀ ತಾಮ್ರದ ಎಳೆಯ ಪ್ಲಗ್ ವಯರ್‌ಗಳನ್ನೂ ಬದಲಿಸಿದೆ. ಅವು ಎಬ್ಬಿಸುವ ರೇಡಿಯೊ ಗದ್ದಲಕ್ಕೆ ಮಾಡ್ಯೂಲಿನ ತಲೆ ಕೆಡುತ್ತದೆ, ರೆಸಿಸ್ಟೆನ್ಸ್ ಇರುವ ವಯರೇ ಬೇಕು.

ಟೈಮಿಂಗ್ ಹೊಸದಾಗಿ ಇಡಲೇಬೇಕು. ಮ್ಯಾಗ್ನೆಟ್ ಕೂರುವ ಜಾಗವೂ ಪಾಯಿಂಟ್ಸ್ ತೆರೆಯುತ್ತಿದ್ದ ಜಾಗವೂ ಒಂದೇ ಇರುವುದಿಲ್ಲ. ಪಾಯಿಂಟ್ಸ್ ಇದ್ದಾಗ ಬಲ್ಬ್ ಹಿಡಿದು ನೋಡುತ್ತಿದ್ದೆ. ಈಗ ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಎರವಲು ತಂದೆ. ಕೆಳಗಿನ ಪುಲ್ಲಿಯ ಗುರುತಿಗೆ ಸೀಮೆಸುಣ್ಣ ಹಚ್ಚಿ, ವ್ಯಾಕ್ಯೂಮ್ ಪೈಪ್ ಬಿಡಿಸಿ ಅದರ ಬಾಯಿ ಮುಚ್ಚಿ, ಐಡ್ಲಿಂಗ್‌ನಲ್ಲಿ ನೋಡಿದೆ. 25ಡಿಯಲ್ಲಿ ಎ (ಕಿಡಿ ಬೇಗ) ಮತ್ತು ಆರ್ (ಕಿಡಿ ತಡ) ಅಂತ ಬರೆದ ಗೀರಿನ ಪುಟ್ಟ ತಿರುಪು ಇದೆಯಲ್ಲ, ಕೊನೆಯ ಕೂದಲೆಳೆಯ ಹೊಂದಾಣಿಕೆಯನ್ನು ಅದರಲ್ಲೇ ಮಾಡಿದೆ. ಪುಲ್ಲಿಯ ಗುರುತು ಬೆಳಕಿನಲ್ಲಿ ಕುಣಿಯದೆ ಅಂಟಿಸಿದ ಹಾಗೆ ನಿಂತಿತು.

ಬಲ ಹೆಚ್ಚಾಯಿತೇ ಅಂತ ಕೇಳುವವರಿಗೆ ಇಲ್ಲ ಅಂತಲೇ ಹೇಳುತ್ತೇನೆ. ಮೈಲೇಜಿನಲ್ಲೂ ನನಗೆ ವ್ಯತ್ಯಾಸ ಕಾಣಲಿಲ್ಲ. ಸರಿಯಾಗಿ ಇಟ್ಟ ಹೊಸ ಪಾಯಿಂಟ್ಸ್ ಕೊಡುವಷ್ಟನ್ನೇ ಇದು ಕೊಡುತ್ತದೆ, ಆದರೆ ಕೊಡುತ್ತಲೇ ಇರುತ್ತದೆ. ಮಳೆಗಾಲದ ಬೆಳಿಗ್ಗೆ ಚೋಕ್ ಎಳೆದರೆ ಎಂಜಿನ್ ಹಿಡಿಯುತ್ತದೆ. ಮಣಿಪಾಲದ ಏರಿನಲ್ಲಿ ಮಿಸ್ ಹೊಡೆಯುವುದು ನಿಂತಿದೆ. ಹಾಗಂತ ಕ್ಯಾಪಿನೊಳಗೆ ನೀರು ಹೋದರೆ ಯಾವ ಎಲೆಕ್ಟ್ರಾನಿಕ್ಸೂ ಕಾಪಾಡುವುದಿಲ್ಲ. ಬಿರುಕುಬಿಟ್ಟ ಕ್ಯಾಪ್ ಬದಲಿಸಲೇಬೇಕು.

ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಹಾಡು ಕೇಳುವ ಅಭ್ಯಾಸವಿದ್ದರೆ ಬಿಡಬೇಕು. ಮಾಡ್ಯೂಲಿಗೂ ಕಾಯಿಲಿಗೂ ಅದು ಕೇಡು. ನಾನು ರೇಡಿಯೊಗೆ ಬೇರೆ ಲೈನ್ ಎಳೆದೆ.

ಇನ್ನು ಮೆಕ್ಯಾನಿಕ್ ಎತ್ತಿದ ಪ್ರಶ್ನೆ. ಪಾಯಿಂಟ್ಸ್ ಹೋಗುವ ಮೊದಲು ಹತ್ತು ಸಲ ಸೂಚನೆ ಕೊಡುತ್ತದೆ, ಮಾಡ್ಯೂಲ್ ಹೇಳದೆ ಕೇಳದೆ ಸಾಯುತ್ತದೆ. ಅದಕ್ಕೇ ಇನ್ನೊಂದು ಹಳೇ ಬೇಸ್ ಪ್ಲೇಟ್ ಹುಡುಕಿ ತಂದು, ಪಾಯಿಂಟ್ಸ್, ಕಂಡೆನ್ಸರ್ ಕೂರಿಸಿ, ನನ್ನ ಡಿಸ್ಟ್ರಿಬ್ಯೂಟರಿನಲ್ಲೇ ಇಟ್ಟು ಗ್ಯಾಪ್ ಹೊಂದಿಸಿಕೊಂಡೆ. ಈಗ ಅದು ಸ್ಕ್ರೂ ಡ್ರೈವರ್, ಫೀಲರ್ ಗೇಜ್ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಡಿಕ್ಕಿಯಲ್ಲಿದೆ. ಹೆಬ್ರಿ ದಾಟಿದ ಮೇಲೆ ಕಾಡಿನ ನಡುವೆ ಗಾಡಿ ನಿಂತರೂ ಪ್ಲೇಟ್ ಬದಲಿಸಿ ಮನೆ ಸೇರಬಹುದು. ಟೈಮಿಂಗ್ ಸ್ವಲ್ಪ ಆಚೀಚೆ ಆದರೆ ಆ ಗೀರಿನ ತಿರುಪು ಇದ್ದೇ ಇದೆ.