ಎಲ್ಲಿತ್ತೆಂದು ತಿಳಿಯದ ಗರ್ಭ

ಆರನೆಯ ವಾರದಲ್ಲಿ ರಕ್ತ ಕಾಣಿಸಿಕೊಂಡಾಗ ಆಷಾಢದ ಮಳೆ ಹಿಡಿದಿತ್ತು. ತೀರ್ಥಹಳ್ಳಿಯ ಆಚೆಗಿನ ನಮ್ಮ ಒಂಟಿ ಮನೆಯಿಂದ ಶಿವಮೊಗ್ಗ ತಲುಪುವಷ್ಟರಲ್ಲಿ ಮಧ್ಯಾಹ್ನವಾಯಿತು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿಯಿತ್ತು, ಗರ್ಭನಾಳಗಳಲ್ಲಿಯೂ ಏನೂ ಕಾಣಲಿಲ್ಲ. ಆದರೆ ಗರ್ಭ ನಿಂತಾಗ ದೇಹದಲ್ಲಿ ಉಂಟಾಗುವ ಬೀಟಾ ಎಚ್‌ಸಿಜಿ ಎಂಬ ಹಾರ್ಮೋನು ರಕ್ತದಲ್ಲಿ 612 ಇತ್ತು. ಗರ್ಭ ಇನ್ನೂ ತೀರಾ ಎಳೆಯದಿರಬಹುದು, ಆಗಲೇ ಹೋಗಿರಬಹುದು, ಇಲ್ಲವೇ ನಾಳದಲ್ಲಿ ಸಿಕ್ಕಿಕೊಂಡಿರಬಹುದು, ಎರಡು ದಿನ ಕಾಯದೆ ಹೇಳಲಾಗದು ಎಂದರು ವೈದ್ಯೆ.

48 ಗಂಟೆಗಳ ನಂತರ ಅದು 704 ಆಗಿತ್ತು. ಸರಿಯಾಗಿ ಬೆಳೆಯುವ ಗರ್ಭವಾಗಿದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಅರ್ಧದಷ್ಟಾದರೂ ಏರಬೇಕಿತ್ತು. ವರದಿ ಕೊಟ್ಟ ಹುಡುಗ, ಪಾಪ, ಏನೂ ತಿಳಿಯದೆ, “ಪಾಸಿಟಿವ್ ಇದೆ ಮೇಡಂ, ಸ್ವೀಟ್ ಯಾವಾಗ?” ಎಂದು ನಕ್ಕ. ನಾನೂ ನಕ್ಕೆ, ಇಂದಿಗೂ ಆ ನಗು ನೆನಪಾದರೆ ಮೈ ಹಿಂಡಿದಂತಾಗುತ್ತದೆ.

ಗರ್ಭ ನಾಳದಲ್ಲಿದ್ದರೆ ನಾಳ ಒಡೆಯುವ ಅಪಾಯವಿದ್ದುದರಿಂದ, ಒಂದು ಪಕ್ಕದಲ್ಲಿ ಹೊಟ್ಟೆ ತೀವ್ರವಾಗಿ ನೊಂದರೆ, ಭುಜದ ತುದಿಯಲ್ಲಿ ನೋವು ಬಂದರೆ, ತಲೆ ಸುತ್ತಿದರೆ ಗಳಿಗೆಯೂ ತಡಮಾಡದೆ ಬರಬೇಕೆಂದು ಹೇಳಿದ್ದರು. ಒಂದು ಮರ ಬಿದ್ದರೆ ಅರ್ಧ ದಿನ ರಸ್ತೆ ಮುಚ್ಚುವ ಊರಿಗೆ ಹಿಂದಿರುಗುವ ಬದಲು ನಾವು ಎರಡು ವಾರ ಶಿವಮೊಗ್ಗದ ತಂಗಿಯ ಮನೆಯಲ್ಲಿಯೇ ಉಳಿದೆವು. ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೇ, ಏಕೆಂದರೆ ರಾತ್ರಿಯ ಭಯದಲ್ಲಿ ಅರ್ಧ ಭಾಗ ರಸ್ತೆಯ ಭಯವೇ ಆಗಿತ್ತು. ಮೊಬೈಲ್‌ನಲ್ಲಿ ಬೇರೆಯವರ ಅಂಕಿಗಳನ್ನು ಹುಡುಕುವುದನ್ನು ಮೂರನೆಯ ದಿನ ಬಿಟ್ಟೆ. ಹಾಲಿನ ಲೆಕ್ಕದ ಹಳೆಯ ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಅಂಕಿಗಳನ್ನಷ್ಟೇ ಬರೆದುಕೊಂಡೆ: 655, 310, 88. ಪ್ರತಿ ಭೇಟಿಗೂ ಒಂದೇ ಒಂದು ಪ್ರಶ್ನೆಯನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡು ಹೋಗುತ್ತಿದ್ದೆ. ಔಷಧಿಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಬೇಕಾಗಲಿಲ್ಲ. ನಾಳದಲ್ಲಿತ್ತೋ ಗರ್ಭಕೋಶದಲ್ಲಿತ್ತೋ ಎಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ.

ಅತ್ತದ್ದು ಅಂಕಿ ಇಳಿಯತೊಡಗಿದ ಮೇಲೆ. ಏರಲಿ ಎಂದು ಬೇಡಿಕೊಂಡದ್ದನ್ನೇ ಬೇಗ ಇಳಿಯಲಿ ಎಂದು ಬೇಡಿಕೊಳ್ಳಬೇಕಾದಾಗ ಮನಸ್ಸು ಯಾವ ಕಡೆಗೆ ನಿಲ್ಲಬೇಕೆಂದು ತಿಳಿಯದೆ ಒದ್ದಾಡಿತು. ತೋಟದಿಂದ ಸೊಪ್ಪಿನ ಹೊರೆ ಹೊತ್ತದ್ದೇ ಕಾರಣವೆಂದು ಒಬ್ಬರು, ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್ ಹತ್ತಿದ್ದೆಂದು ಇನ್ನೊಬ್ಬರು. ಎರಡೂ ಅಲ್ಲವೆಂದು ವೈದ್ಯೆ ಸ್ಪಷ್ಟವಾಗಿ ಹೇಳಿದರು. ಆ ಮಾತನ್ನು ನನ್ನವರ ಎದುರಿಗೇ ಇನ್ನೊಮ್ಮೆ ಹೇಳಿಸಿಕೊಂಡೆ.

ಊರಿಗೆ ಬಂದ ಮೇಲೆ ಅತ್ತೆ ಏನನ್ನೂ ಕೇಳಲಿಲ್ಲ. ದಿನಕ್ಕೆ ಎರಡು ಸಲ ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆ ಕಾದ ಮೇಲೆ, “ನೀರು ಕಾದಿದೆ, ಮೀಯೆ” ಎನ್ನುತ್ತಿದ್ದರು. ಮಳೆಗಾಲದಲ್ಲಿ ಒಣ ಸೌದೆಯನ್ನು ಹಾಗೆ ಖರ್ಚು ಮಾಡುವುದು ನಮ್ಮಲ್ಲಿ ಬಾಣಂತಿಗೆ ಮಾತ್ರ. ಆ ಹೊಗೆಯ ನಡುವೆ ಕುಳಿತು ಎಷ್ಟು ಬೇಕಾದರೂ ಅಳಬಹುದಿತ್ತು.

ಶ್ರಾವಣದಲ್ಲಿ ಅಂಕಿ 3ಕ್ಕೆ ಇಳಿಯಿತು, ಇನ್ನು ಪರೀಕ್ಷೆ ಬೇಡವೆಂದರು. ಅದೇ ವಾರ ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನ ವಿಚಾರಕ್ಕೆ ಬಂದರು. ನನ್ನವರು ಏಳುವ ಮೊದಲೇ ನಾನೇ ಬಾಗಿಲಿಗೆ ಹೋಗಿ, “ಅದು ಹೋಯ್ತು ಅಕ್ಕಾ” ಎಂದೆ. ಅವರು ರಿಜಿಸ್ಟರ್ ಮುಚ್ಚಿ, ಕೊಡೆ ಮಡಚಿ, ಜಗಲಿಯ ಮೇಲೆ ಕುಳಿತರು. ನಾನು ಕಾಫಿಗೆ ನೀರಿಟ್ಟೆ.