ಹುಡುಗರ ಮಾನಸಿಕ ಚಿಕಿತ್ಸೆಯ ಲೆಕ್ಕ ಕೇಳುವುದು: ಅರ್ಜಿ ಬರೆಯುವವನ ಅನುಭವ

ಹಾವೇರಿಯಲ್ಲಿ ಸರಕಾರಿ ಕಚೇರಿ ಎದುರಿನ ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಅರ್ಜಿ ಬರೆಯೋದು ನನ್ನ ಕಸಬು. ಪಹಣಿ ತಿದ್ದುಪಡಿ, ವಾರಸಾ, ವಿಧವಾ ವೇತನ, ದಿನಾ ಇವೇ. ಹೋದ ವರ್ಷ ಬ್ಯಾಡಗಿ ಕಡೆಯ ತಾಯಿಯೊಬ್ಬರು ಬಂದರು. ಅವರ ಹದಿನಾರು ವರ್ಷದ ಮಗ ಬೇರೆ ಜಿಲ್ಲೆಯಲ್ಲಿ ಸರಕಾರದ ದುಡ್ಡಿನಿಂದ ನಡೆಯುವ ಮಾನಸಿಕ ಚಿಕಿತ್ಸಾ ಸಂಸ್ಥೆಯೊಂದರಲ್ಲಿ ಒಳರೋಗಿ. ಅಲ್ಲಿ ಹುಡುಗನ ಜತೆ ಸೋದರಮಾವ ಇದ್ದ. ದಾಖಲಾಗಿ ನಲವತ್ತು ದಿನ ಆಗಿತ್ತು.

"ದೊಡ್ಡವರ ವಾರ್ಡಿನ್ಯಾಗ ಇಟ್ಟಾರ್ರಿ. ಮ್ಯಾಲಿನವರು ಯಾರಾದ್ರೂ ಬಂದು ನೋಡ್ತಾರೋ ಇಲ್ಲೋ, ಅಷ್ಟು ಕೇಳಿ ಕೊಡ್ರಿ ಅಣ್ಣಾರ."

ನಾನು ಹುಮ್ಮಸ್ಸಿನಲ್ಲಿ ಆ ಸಂಸ್ಥೆಗೆ ಮಾಹಿತಿ ಹಕ್ಕಿನ ಅರ್ಜಿ ಎರಡು ಪುಟ ಬರೆದೆ. ಹನ್ನೊಂದು ಪ್ರಶ್ನೆ. "ಸಿಬ್ಬಂದಿ ಯಾಕೆ ಕಡಿಮೆ", "ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದೀರಾ" ಅಂತೆಲ್ಲ. ತಿಂಗಳಾದ ಮೇಲೆ ಒಂದು ಹಿಂಬರಹ ಬಂತು: ಒಂದಕ್ಕಿಂತ ಹೆಚ್ಚು ವಿಷಯವಿದೆ, 150 ಪದ ಮೀರಿದೆ, ಜತೆಗೆ ವೈಯಕ್ತಿಕ ಮಾಹಿತಿ. ಸಿಟ್ಟು ಬಂತು, ಆದರೆ ತಪ್ಪು ನನ್ನದೇ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಇನ್ನು "ಯಾಕೆ" ಅನ್ನುವ ಪ್ರಶ್ನೆಗೆ ಮಾಹಿತಿ ಹಕ್ಕಿನಲ್ಲಿ ಉತ್ತರವಿಲ್ಲ. ಕಡತದಲ್ಲಿ ಇರುವುದನ್ನಷ್ಟೇ ಕೊಡುತ್ತಾರೆ.

ಹಾಗಾದರೆ ಕಡತದಲ್ಲಿ ಏನಿರಬೇಕು? ಅದನ್ನು ಮೊದಲು ತಿಳಿದುಕೊಂಡು ಆಮೇಲೆ ಪೆನ್ನು ಹಿಡಿಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಂ ಓದಿ. 18 ವರ್ಷದೊಳಗಿನವರನ್ನು ದಾಖಲು ಮಾಡಿಕೊಂಡರೆ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ರಿವ್ಯೂ ಬೋರ್ಡಿಗೆ, ಅಂದರೆ ಇಂಥ ರೋಗಿಗಳ ಹಕ್ಕು ನೋಡಿಕೊಳ್ಳುವ ಮಂಡಳಿಗೆ, ತಿಳಿಸಬೇಕು. 30 ದಿನ ದಾಟಿದರೆ ಕೂಡಲೇ ಮತ್ತೆ ತಿಳಿಸಬೇಕು. ಬೋರ್ಡು 7 ದಿನದೊಳಗೆ ಪರಿಶೀಲಿಸಬೇಕು, ಆಮೇಲೆ ಪ್ರತಿ 30 ದಿನಕ್ಕೊಮ್ಮೆ. ಮಕ್ಕಳನ್ನು ದೊಡ್ಡವರಿಂದ ಬೇರೆ ಇಡಬೇಕು ಅನ್ನುವುದೂ ಅದೇ ಕಲಮಿನಲ್ಲಿದೆ. 97ನೇ ಕಲಮಿನ ಪ್ರಕಾರ ರೋಗಿಯನ್ನು ಕಟ್ಟಿಹಾಕಿದ ಪ್ರತಿಯೊಂದು ಪ್ರಸಂಗವೂ ಬೋರ್ಡಿಗೆ ಹೋಗುವ ತಿಂಗಳ ವರದಿಯಲ್ಲಿ ಬರಬೇಕು.

ಅಂದರೆ ಕಾಗದ ಹೋಗಿರಲೇಬೇಕು. ಹೋಗಿದ್ದರೆ ಕಚೇರಿಯಿಂದ ಹೊರಗೆ ಹೋಗುವ ಪತ್ರ ಬರೆದಿಡುವ ಜಾವಕ ರಜಿಸ್ಟರಿನಲ್ಲಿ ನಂಬರು, ತಾರೀಖು ಇರುತ್ತದೆ. ಕೇಳಬೇಕಾದದ್ದು ಆ ನಂಬರನ್ನು. ಎರಡನೇ ಸಲ ನಾನು ಬರೆದದ್ದು ಇಷ್ಟೇ:

"ದಿನಾಂಕ ಇಂಥದ್ದರಿಂದ ಇಂಥದ್ದರವರೆಗೆ ತಮ್ಮ ಸಂಸ್ಥೆಯಲ್ಲಿ ಒಳರೋಗಿಗಳಾಗಿ ದಾಖಲಾದ 18 ವರ್ಷದೊಳಗಿನವರ ಬಗ್ಗೆ, ಹೆಸರು ಮತ್ತು ವಿಳಾಸ ಬಿಟ್ಟು, ದಾಖಲಾದ ದಿನಾಂಕ, ಬಿಡುಗಡೆಯ ದಿನಾಂಕ, ಕಲಂ 87ರಂತೆ ಬೋರ್ಡಿಗೆ ಕಳಿಸಿದ ಪತ್ರಗಳ ಜಾವಕ ಸಂಖ್ಯೆ ಮತ್ತು ದಿನಾಂಕ ಇರುವ ದಾಖಲೆಯ ದೃಢೀಕೃತ ನಕಲು ಕೊಡಬೇಕು. ಗುರುತು ಸಿಗುವ ಭಾಗವಿದ್ದರೆ ಮಾಹಿತಿ ಹಕ್ಕು ಕಾಯ್ದೆ ಕಲಂ 10ರಂತೆ ಅದನ್ನು ಮರೆಮಾಡಿ ಉಳಿದದ್ದನ್ನು ಕೊಡಬೇಕು."

ಹೆಸರು ಬಿಟ್ಟು ಅಂತ ನಾವೇ ಬರೆದರೆ ಅವರ ದೊಡ್ಡ ನೆಪವೊಂದು ಹೋಯಿತು. ಬೇರೆಯವರ ಮಕ್ಕಳ ಹೆಸರು ನಮಗೆ ಬೇಕಾಗಿಯೂ ಇಲ್ಲ. ಕಟ್ಟಿಹಾಕಿದ ವರದಿ ಬೇಕಿದ್ದರೆ ಬೇರೆ ಅರ್ಜಿ, ಅನುದಾನದ ಆದೇಶ ಮತ್ತು ಹಣ ಬಳಕೆ ಪ್ರಮಾಣಪತ್ರ ಬೇಕಿದ್ದರೆ ಮತ್ತೊಂದು. ಒಂದೊಂದಕ್ಕೆ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಸಂಸ್ಥೆ ಟ್ರಸ್ಟಿನದಾಗಿದ್ದು ನಮಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸಲ್ಲ ಅಂದರೆ, ಅನುದಾನ ಕೊಡುವ ಇಲಾಖೆಗೇ ಅರ್ಜಿ ಹಾಕಿ.

ಮಾಹಿತಿ ಹಕ್ಕಿನ ಅರ್ಜಿ ಫಾರಮ್ಮಾದ ನಮೂನೆ ಎ ತುಂಬಿ, ಪೋಸ್ಟಲ್ ಆರ್ಡರಿನ ನಂಬರನ್ನು ಅರ್ಜಿಯಲ್ಲೇ ಬರೆದು ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯ ಶಾಯಿ ಮೂರು ತಿಂಗಳಲ್ಲಿ ಹಾರಿಹೋಗುತ್ತದೆ, ಅವತ್ತೇ ಫೋಟೋ ತೆಗೆದಿಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅಲ್ಲಿನ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ತಡಮಾಡಿದರೆ ನಕಲಿಗೆ ಹಣ ಕೇಳುವಂತಿಲ್ಲ.

ನಿಮ್ಮದೇ ಮಗುವಿನ ಚಿಕಿತ್ಸೆಯ ದಾಖಲೆ ಬೇಕಿದ್ದರೆ ಈ ದಾರಿ ಹಿಡಿಯಬೇಡಿ. ಅದಕ್ಕೆ 2017ರ ಕಾಯ್ದೆಯ 25ನೇ ಕಲಂ ಇದೆ, ಪಾಲಕರಾಗಿ ಸಂಸ್ಥೆಯನ್ನೇ ನೇರ ಕೇಳಿ.

ನಮಗೆ ಇಪ್ಪತ್ತೇಳನೇ ದಿನ ಲಕೋಟೆ ಬಂತು. ಸ್ಕೇಲಿನಿಂದ ಗೆರೆ ಎಳೆದ ಪಟ್ಟಿ, ಹೆಸರಿನ ಕಾಲಮಿಗೆ ಕಪ್ಪು ಮಸಿ. ಆ ತಾಯಿಗೆ ಓದು ಅಷ್ಟಕ್ಕಷ್ಟೇ. ಆದರೂ ತಾರೀಖಿನ ಕಾಲಮಿನ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು.

"ಇದು ನಮ್ಮ ಹುಡುಗಂದ್ರಿ. ಅವತ್ತ ಅಮಾಸಿ ಇತ್ತು."

ಆ ಸಾಲಿನಲ್ಲಿ ಮೊದಲ ಪತ್ರದ ಜಾವಕ ಸಂಖ್ಯೆ ಇತ್ತು. 30 ದಿನದ ಪತ್ರದ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ಅದರ ನಕಲು ಲಗತ್ತಿಸಿ ಅವತ್ತೇ ಬೋರ್ಡಿಗೆ, ರೋಗಿಯ ಹಕ್ಕಿಗೆ ಧಕ್ಕೆಯಾದರೆ ಕೊಡುವ 2017ರ ಕಾಯ್ದೆಯ 77ನೇ ಕಲಮಿನ ಅರ್ಜಿ ಟೈಪ್ ಮಾಡಿದೆ. ಅದಕ್ಕೆ ಶುಲ್ಕವಿಲ್ಲ.