ರೇವಾಲ್ ಮರಿಗಳನ್ನು ನಾವು ಬೆಳೆಸುವ ರೀತಿ

ವಿಜಯಪುರದ ಕಡೆ ನಮ್ಮದು ಜೋಳ, ತೊಗರಿಯ ಹೊಲ. ಜೊತೆಗೆ ಮಾರವಾಡಿ ತಳಿಯ ಹೆಣ್ಣು ಕುದುರೆಗಳನ್ನೂ ಸಾಕುತ್ತೇವೆ. ಮರಿ ನೋಡಲು ಬಂದವರು ಮೊದಲು ಕಿವಿ ನೋಡುತ್ತಾರೆ, ತುದಿಗಳು ಒಂದಕ್ಕೊಂದು ತಾಗುತ್ತವಾ ಅಂತ. ಆಮೇಲೆ ಕೇಳುವುದು, ‘ರೇವಾಲ್ ಕಲಿಸ್ತೀರಾ?’ ರೇವಾಲ್ ಅಂದರೆ ಈ ಕುದುರೆಗಳ ಕುಲುಕದ, ನಯವಾದ ನಡಿಗೆ. ನಾನು ಅದನ್ನು ಕಲಿಸುವುದಿಲ್ಲ. ಇರುವ ರೇವಾಲ್ ಕೆಡದ ಹಾಗೆ ನೋಡಿಕೊಳ್ಳುತ್ತೇನೆ, ಅಷ್ಟೇ.

ರೇವಾಲ್‌ನಲ್ಲಿ ನಾಲ್ಕು ಗೊರಸಿನ ಸದ್ದೂ ಬೇರೆ ಬೇರೆಯಾಗಿ ಕೇಳಬೇಕು. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಬೆನ್ನು ಕುಲುಕುವುದಿಲ್ಲ. ಜಾತ್ರೆಗಳಲ್ಲಿ ಸವಾರರು ಕೈಯಲ್ಲಿ ನೀರಿನ ಲೋಟ ಹಿಡಿದು ತೋರಿಸುತ್ತಾರಲ್ಲ, ಅದೇ. ನಾನು ಲೋಟ ನೋಡುವುದಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳುತ್ತೇನೆ.

ಇದು ಬಹುಪಾಲು ಹುಟ್ಟಿನಿಂದ ಬರುವುದು. ಐಸ್‌ಲ್ಯಾಂಡಿನ ಕುದುರೆಗಳ ಇಂಥ ನಡಿಗೆಯ ಹಿಂದೆ ಡಿಎಂಆರ್‌ಟಿ3 ಎಂಬ ವಂಶವಾಹಿಯ ಬದಲಾವಣೆ ಇದೆ ಎಂದು ಸ್ವೀಡನ್ನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಹಾಗಾಗಿ ಬೀಜದ ಗಂಡು ಆರಿಸುವಾಗ ನಾನು ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಬೆನ್ನ ಮೇಲೆ ಜೀನು ಹಾಕದೆ, ಸಡಿಲ ಹಗ್ಗದಲ್ಲಿ ನಡೆಸಿ ನೋಡುತ್ತೇನೆ.

ಗಬ್ಬ ಹನ್ನೊಂದು ತಿಂಗಳು. ಈಯುವುದು ಹೆಚ್ಚಾಗಿ ರಾತ್ರಿಯೇ. ಮರಿ ಒಂದೆರಡು ಗಂಟೆಯಲ್ಲಿ ಎದ್ದು ನಿಂತು ಗಿಣ್ಣು ಹಾಲು ಕುಡಿಯಬೇಕು. ಮೂರು ಗಂಟೆಯಾದರೂ ಮಾಸು ಬೀಳದಿದ್ದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಎಮ್ಮೆಯಲ್ಲಿ ಕಾದ ಹಾಗೆ ಕುದುರೆಯಲ್ಲಿ ಕಾಯಬಾರದು.

ಮೊದಲ ವಾರದಿಂದಲೇ ದಿನಾ ಮೈ ಸವರಿ, ಕಾಲು ಎತ್ತಿ ಇಡುತ್ತೇವೆ. ಹಗ್ಗ ಹಾಕಿದ ಮೇಲೆ ಕುತ್ತಿಗೆ ಹಿಡಿದು ಎಳೆಯುವುದಿಲ್ಲ. ಎಳೆ ಕತ್ತು, ಪೆಟ್ಟಾಗುತ್ತದೆ. ಇನ್ನೊಂದು ಹಗ್ಗ ಸೊಂಟದ ಹಿಂದೆ ಸುತ್ತಿ, ತಾಯಿಯ ಪಕ್ಕದಲ್ಲಿ ನಡೆಸುತ್ತೇವೆ. ಐದಾರು ತಿಂಗಳಿಗೆ ಹಾಲು ಬಿಡಿಸುತ್ತೇವೆ.

ಮೇವಿನಲ್ಲಿ ಪ್ರೀತಿ ಜಾಸ್ತಿಯಾದರೆ ಕೀಲು ಊದುತ್ತವೆ. ಗೋಧಿ ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ತೀರಾ ಕಡಿಮೆ. ಅದೊಂದನ್ನೇ ಸುರಿದು ಮರಿಯನ್ನು ದುಂಡಗೆ ಮಾಡುವವರಿದ್ದಾರೆ. ನಮ್ಮಲ್ಲಿ ಒಣಹುಲ್ಲು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ನೆನೆಸಿದ ಹುರುಳಿ ಸ್ವಲ್ಪ.

ನಡಿಗೆಯ ಕೆಲಸ ಎರಡನೇ ವರ್ಷಕ್ಕೆ ಶುರು, ಅದೂ ಬರೀ ಕೈಹಗ್ಗದಲ್ಲಿ. ಮರಿ ಗಾಬರಿಯಾದರೆ ಒಂದೇ ಬದಿಯ ಎರಡೂ ಕಾಲನ್ನು ಒಟ್ಟಿಗೆ ಎತ್ತಿಡುತ್ತದೆ. ಆಗ ನಾಲ್ಕು ಸದ್ದು ಎರಡಾಗುತ್ತದೆ. ಅಂಥ ಮರಿಯನ್ನು ಉತ್ತ ಹೊಲದ ಮೆತ್ತನೆ ಮಣ್ಣಲ್ಲಿ, ಸಣ್ಣ ಏರಿನಲ್ಲಿ, ನೆಲಕ್ಕಿಟ್ಟ ಬಿದಿರುಗಳನ್ನು ದಾಟಿಸುತ್ತಾ ನಡೆಸುತ್ತೇನೆ. ಕಾಲುಗಳು ಬಿಡಿಬಿಡಿಯಾಗಿ ಬೀಳತೊಡಗುತ್ತವೆ. ದುಲ್ಕಿಗೆ, ಅಂದರೆ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುವ ಕುಲುಕು ಓಟಕ್ಕೆ, ಜಾರುವ ಮರಿಗೆ ಇದರ ಉಲ್ಟಾ: ಗಟ್ಟಿ ದಾರಿ, ಸಣ್ಣ ಇಳಿಜಾರು. ಎರಡಕ್ಕೂ ನಿಧಾನ ನಡಿಗೆಯೇ ಬುನಾದಿ. ವೇಗ ಕೇಳಿದ ಕೂಡಲೇ ಮೈ ಬಿಗಿಯಾಗುತ್ತದೆ, ತಾಳ ಹೋಗುತ್ತದೆ.

ಒಂದೇ ಬದಿಯ ಕಾಲುಗಳನ್ನು ಹಗ್ಗದಿಂದ ಜೋಡಿಸಿ ಕಟ್ಟಿ ನಡೆಸುವವರಿದ್ದಾರೆ. ಬೇಗ ಕಲಿತಂತೆ ಕಾಣುತ್ತದೆ, ನಿಜ. ಆದರೆ ಕಟ್ಟಿನಿಂದ ಬರುವುದು ಆ ಎರಡು ಸದ್ದಿನ ನಡಿಗೆಯೇ. ಮುಳ್ಳಿನ ಕಡಿವಾಣವಂತೂ ಬೇಡವೇ ಬೇಡ. ನಮ್ಮ ದೇಶದಲ್ಲಿ 1965ರ ನಿಯಮದಲ್ಲೇ ಅದನ್ನು ನಿಷೇಧಿಸಿದ್ದಾರೆ, ಆದರೂ ಬಳಸುವವರು ಬಳಸುತ್ತಲೇ ಇದ್ದಾರೆ.

ಪಕ್ಕದ ಹೊಲದ ಕಾಕಾ ದಿನಾ ಕೇಳುತ್ತಾರೆ, ‘ಏನಪಾ ತಮ್ಮಾ, ಬರೇ ಮೇಸೂದನ? ಹತ್ತೂದು ಯಾವಾಗ?’ ಎರಡು ವರ್ಷಕ್ಕೇ ಹತ್ತಿ, ಜಾತ್ರೆಯಲ್ಲಿ ತೋರಿಸಿ ಮಾರಿದರೆ ಒಳ್ಳೇ ದುಡ್ಡು ಅಂತ ಅವರ ಲೆಕ್ಕ. ಆದರೆ ಮೊಣಕಾಲಿನ ಮೇಲಿನ ಎಲುಬು ಬಲಿಯಲು ಎರಡೂವರೆ ವರ್ಷ ಬೇಕು. ಬೆನ್ನೆಲುಬಿಗೆ ಐದು ವರ್ಷವೂ ಸಾಲದು. ಅದಕ್ಕೇ ಮೂರು ತುಂಬಿದ ಮೇಲೆ ಹಗುರ ಜೀನು ಹೊರಿಸಿ ರೂಢಿ ಮಾಡಿಸುತ್ತೇನೆ. ನಾಲ್ಕಕ್ಕೆ ಮನೆಯಲ್ಲಿ ಹಗುರವಾಗಿರುವವರು, ಅಂದರೆ ನನ್ನ ತಂಗಿ, ಹತ್ತುತ್ತಾಳೆ. ಮೊದಲ ಕೆಲವು ತಿಂಗಳು ಬರೀ ನಡಿಗೆ, ಕಾಲುವೆ ದಂಡೆಯ ಮೇಲೆ. ನಾನು ಹಿಂದೆ ಸೈಕಲ್ಲಿನಲ್ಲಿ ಸದ್ದು ಕೇಳುತ್ತಾ ಬರುತ್ತೇನೆ, ತಾಳ ತಪ್ಪಿದರೆ ಕೂಗಿ ಹೇಳುತ್ತೇನೆ.